ಬೆಳಗಾವಿಯ ಕಾರ್ಖಾನೆಗೆ ಭಾಷಾ ನೀತಿ: ಬರೆಯುವ ಕ್ರಮ, ಎಡವುವ ಜಾಗಗಳು

"ನಮ್ಮ ಕಂಪನಿಯ ಅಧಿಕೃತ ಭಾಷೆ ಇಂಗ್ಲಿಷ್" ಎಂಬ ಒಂದು ಸಾಲು ಜರ್ಮನಿಯಿಂದಲೋ ಫ್ರಾನ್ಸಿನಿಂದಲೋ ಬಂದಿರುತ್ತದೆ. ಹತ್ತರಗಿಯ ಏರೋಸ್ಪೇಸ್ ವಲಯವಿರಲಿ, ಉದ್ಯಮಬಾಗದ ಹೈಡ್ರಾಲಿಕ್ ಘಟಕವಿರಲಿ, ಮಚ್ಛೆಯ ಫೌಂಡ್ರಿಯಿರಲಿ, ಎಚ್.ಆರ್. ವಿಭಾಗ ಅದನ್ನು ಫ್ರೇಮ್ ಹಾಕಿಸಿ ರಿಸೆಪ್ಷನ್ನಿನಲ್ಲಿ ತೂಗುಹಾಕುತ್ತದೆ. ಒಳಗೆ ಹೋದರೆ ಸೂಪರ್‌ವೈಸರ್ ಕನ್ನಡದಲ್ಲಿ ಹೇಳಿದ್ದನ್ನು ಆಪರೇಟರ್ ಮರಾಠಿಯಲ್ಲಿ ಹೆಲ್ಪರನಿಗೆ ದಾಟಿಸುತ್ತಿರುತ್ತಾನೆ. ಜಾರ್ಖಂಡಿನಿಂದ ಬಂದ ಹೆಲ್ಪರ್ ಹಿಂದಿಯಲ್ಲಿ ಹೂಂಗುಟ್ಟುತ್ತಾನೆ. ಗೋಡೆಯ ಮೇಲಿನ ವರ್ಕ್ ಇನ್‌ಸ್ಟ್ರಕ್ಷನ್ ಮಾತ್ರ ಇಂಗ್ಲಿಷಿನಲ್ಲಿರುತ್ತದೆ.

ಮುಖ್ಯ ಕಚೇರಿಯ ಆ ಸಾಲಿನಿಂದ ಅವರ ಈ-ಮೇಲ್ ಯಾವ ಭಾಷೆಯಲ್ಲಿರಬೇಕು ಎಂಬುದಷ್ಟೇ ತೀರ್ಮಾನವಾಗುತ್ತದೆ. ಕೆಲಸಗಾರನಿಗೆ ಕೊಡುವ ಚಾರ್ಜ್‌ಶೀಟ್ (ಆರೋಪಪತ್ರ), ಕರಗಿದ ಲೋಹದ ಪಕ್ಕದ ಎಚ್ಚರಿಕೆ ಫಲಕ, ಬಡ್ತಿಯ ಸಂದರ್ಶನ, ಗೇಟಿನ ಬೋರ್ಡು, ಇವುಗಳ ಭಾಷೆಯನ್ನು ಇಲ್ಲಿನವರೇ ಗೊತ್ತು ಮಾಡಬೇಕು. ಹಾಗೆ ಗೊತ್ತು ಮಾಡುವಾಗ ಪ್ರತಿ ಕಾಗದಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಓದಿ ಕೈಯಾಡಿಸುವವರು ಯಾರು? ಅವರು ಓದಬಲ್ಲ ಭಾಷೆಯಲ್ಲಿ ಕಾಗದವಿರಬೇಕು. ಅನುವಾದದ ಖರ್ಚು ಕಂಪನಿಯದು.

ಮೊದಲು ಎಣಿಕೆ

ನೀತಿಯ ಕರಡಿಗೆ ಕೈಹಾಕುವ ಮೊದಲು ಯಾರು ಯಾವ ಭಾಷೆ ಓದುತ್ತಾರೆ ಎಂದು ಎಣಿಸಬೇಕು. ಇಲ್ಲಿ ಬಹುತೇಕ ಘಟಕಗಳು ಮಾಡುವ ತಪ್ಪು ಒಂದೇ: ಅರ್ಜಿ ನಮೂನೆಯಲ್ಲಿ "ಮಾತೃಭಾಷೆ" ಎಂಬ ಕಾಲಂ ಇಟ್ಟು ಅದನ್ನೇ ನೆಚ್ಚುವುದು. ಬೆಳಗಾವಿಯಲ್ಲಿ ಮಾತೃಭಾಷೆ ಕೇಳಿದರೆ ಅದು ಗಡಿಯ ಪ್ರಶ್ನೆಯಾಗಿ ಕಿವಿಗೆ ಬೀಳುತ್ತದೆ, ಉತ್ತರವೂ ಹಾಗೇ ಬರುತ್ತದೆ. ಸಾಲದ್ದಕ್ಕೆ ಆ ಉತ್ತರದಿಂದ ಕಾರ್ಖಾನೆಗೆ ಬೇಕಾದ ಮಾಹಿತಿಯೂ ಸಿಗುವುದಿಲ್ಲ.

ಬೇಕಾಗಿರುವುದು ಓದುವ ಶಕ್ತಿಯ ಲೆಕ್ಕ. ಖಾನಾಪುರ, ನಿಪ್ಪಾಣಿ, ಗಡಿಯಾಚೆಯ ಚಂದಗಡ ಕಡೆಯಿಂದ ಬರುವವರಲ್ಲಿ ಮರಾಠಿ ಮಾಧ್ಯಮದಲ್ಲಿ ಕಲಿತವರು ಬಹಳ. ಅವರಲ್ಲಿ ಅನೇಕರು ಕನ್ನಡವನ್ನು ನೀರು ಕುಡಿದಂತೆ ಮಾತಾಡುತ್ತಾರೆ, ಆದರೆ ಲಿಪಿ ಬಾರದು. ಉರ್ದು ಶಾಲೆಯಲ್ಲಿ ಓದಿದವರ ಪಾಡೂ ಇದೇ. ಹಿಂದಿ ಎಲ್ಲರಿಗೂ ಅರ್ಥವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಹಿಂದಿಯಲ್ಲಿ ಬರೆದ ಎಂಟು ಸಾಲಿನ ಸೂಚನೆ ಕೊಟ್ಟಾಗ ಹಣೆಬರಹ ಬೇರೆಯಾಗುತ್ತದೆ. ಒಡಿಶಾದಿಂದ ಬಂದ ಹುಡುಗ ಸಿನಿಮಾ ಹಿಂದಿ ಆಡುತ್ತಾನೆ, ದೇವನಾಗರಿಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾನೆ.

ಎಣಿಕೆಯ ಕ್ರಮ ಹೀಗಿರಲಿ. ಪಾಳಿ ಬದಲಾಗುವ ಹೊತ್ತಿಗೆ, ಕೆಲಸದ ಸಮಯದೊಳಗೇ, ಒಬ್ಬೊಬ್ಬರಿಗೂ ಹತ್ತು ನಿಮಿಷ. ಮೂರು ಪ್ರಶ್ನೆ ಸಾಕು: ಯಾವ ಭಾಷೆಯ ಸೂಚನೆ ಓದಿ ಕೆಲಸ ಮಾಡಬಲ್ಲಿರಿ? ಅಪಘಾತವಾದಾಗ ಯಾವ ಭಾಷೆಯಲ್ಲಿ ಕೂಗಿ ಹೇಳಿದರೆ ತಟ್ಟನೆ ತಿಳಿಯುತ್ತದೆ? ದೂರು ಬರೆಯಬೇಕಾದರೆ ಯಾವ ಭಾಷೆಯಲ್ಲಿ ಬರೆಯುತ್ತೀರಿ? ಆಮೇಲೆ ಅವರು ಹೇಳಿದ ಭಾಷೆಯಲ್ಲಿ ಸುಮಾರು 60 ಪದದ ಒಂದು ಸೂಚನೆ ಕೊಟ್ಟು ಮೂರು ಚಿಕ್ಕ ಕೆಲಸ ಮಾಡಿಸಿ. ಗೇಜ್ ತೆಗೆದುಕೊಳ್ಳುವುದು, ಸೊನ್ನೆಗೆ ತರುವುದು, ಅಳತೆ ಬರೆಯುವುದು, ಇಷ್ಟೇ. ಓದಿ ಒಪ್ಪಿಸುವ ಪರೀಕ್ಷೆ ಬೇಡ, ಮಾಡಿ ತೋರಿಸಲಿ. ಇದರ ಫಲಿತಾಂಶ ಸಂಬಳಕ್ಕೂ ಕನ್ಫರ್ಮೇಶನ್ನಿಗೂ ಸೇರುವುದಿಲ್ಲ ಎಂದು ಮೊದಲೇ ಬರಹದಲ್ಲಿ ಹೇಳಿ. ಇಲ್ಲದಿದ್ದರೆ "ಎಲ್ಲಾ ಬರ್ತದ್ರಿ ಸರ" ಎಂಬ ಉತ್ತರದ ಹೊರತು ಏನೂ ಸಿಗದು.

ಗುತ್ತಿಗೆ ಕೆಲಸಗಾರರನ್ನು ಎಣಿಕೆಯಿಂದ ಬಿಟ್ಟರೆ ಎಣಿಕೆಯೇ ವ್ಯರ್ಥ. ಫೌಂಡ್ರಿಯಲ್ಲಿ ಅಚ್ಚು ಒಡೆಯುವ, ಫೆಟ್ಲಿಂಗ್ (ಎರಕದ ಹೆಚ್ಚುವರಿ ಲೋಹ ತೆಗೆಯುವ ಕೆಲಸ) ಮಾಡುವ, ಎಂದರೆ ಗಾಯದ ಅಪಾಯ ಹೆಚ್ಚಿರುವ ಜಾಗದಲ್ಲಿ ನಿಲ್ಲುವವರು ಹೆಚ್ಚಾಗಿ ಅವರೇ. ಇಡೀ ಘಟಕದ ಸರಾಸರಿಯನ್ನೂ ನೆಚ್ಚಬೇಡಿ. ನೂರರಲ್ಲಿ ಎಪ್ಪತ್ತು ಮಂದಿ ಕನ್ನಡ ಓದುತ್ತಾರೆ ಎಂಬ ಒಟ್ಟು ಲೆಕ್ಕದೊಳಗೆ, ಹತ್ತು ಮಂದಿಯ ಮೆಲ್ಟಿಂಗ್ ವಿಭಾಗದಲ್ಲಿ ಒಬ್ಬನೂ ಕನ್ನಡ ಓದದಿರಬಹುದು. ಲೆಕ್ಕ ವಿಭಾಗವಾರು, ಪಾಳಿವಾರು ಇರಲಿ.

ಯಾವ ಕಾಗದ ಯಾವ ಭಾಷೆಯಲ್ಲಿ

ಕಾರ್ಖಾನೆಯಲ್ಲಿ ಓಡಾಡುವ ಕಾಗದಗಳನ್ನೆಲ್ಲ ಒಂದು ಎಕ್ಸೆಲ್ ಹಾಳೆಯಲ್ಲಿ ಪಟ್ಟಿ ಮಾಡಿ. ಪ್ರತಿಯೊಂದರ ಎದುರು ನಾಲ್ಕು ಕಾಲಂ: ಓದುವವರು ಯಾರು, ಯಾವ ಭಾಷೆಗಳಲ್ಲಿ ಇರಬೇಕು, ಮೂಲ ಪ್ರತಿ ಯಾವುದು, ಅನುವಾದದ ಹೊಣೆ ಯಾರದು. ಕೊನೆಯ ಕಾಲಮಿನಲ್ಲಿ ವಿಭಾಗದ ಹೆಸರು ಬರೆದರೆ ಆ ಕೆಲಸ ಯಾರದೂ ಆಗುವುದಿಲ್ಲ, ಹುದ್ದೆಯ ಹೆಸರೇ ಬರೆಯಿರಿ.

ಗ್ರಾಹಕರ ಡ್ರಾಯಿಂಗ್, ಸ್ಪೆಸಿಫಿಕೇಶನ್, ಮುಖ್ಯ ಕಚೇರಿಯ ವರದಿ, ಇಆರ್‌ಪಿ ಸಾಫ್ಟ್‌ವೇರಿನ ಐಟಂ ಮಾಸ್ಟರ್ (ವಸ್ತುಗಳ ಪಟ್ಟಿ) ಇಂಗ್ಲಿಷಿನಲ್ಲಿರಲಿ, ಅದರಲ್ಲಿ ವಾದವಿಲ್ಲ. ಜೀವಕ್ಕೆ ಸಂಬಂಧಿಸಿದ್ದು, ಎಂದರೆ ಬೆಂಕಿ, ಅನಿಲ, ಕರಗಿದ ಲೋಹ, ವಿದ್ಯುತ್, ಕ್ರೇನ್, ಲಾಕ್‌ಔಟ್ (ರಿಪೇರಿಯ ಹೊತ್ತಿಗೆ ಯಂತ್ರ ಚಾಲೂ ಆಗದಂತೆ ಬೀಗ ಹಾಕುವುದು), ಇವೆಲ್ಲ ಆ ವಿಭಾಗದಲ್ಲಿ ನಿಲ್ಲುವ ಪ್ರತಿಯೊಬ್ಬರೂ ಓದಬಲ್ಲ ಎಲ್ಲ ಭಾಷೆಗಳಲ್ಲೂ ಇರಬೇಕು, ಚಿತ್ರಸಮೇತ. ಇಲ್ಲಿ ಬಹುಮತದ ಲೆಕ್ಕ ನಡೆಯದು. ಕೆಲಸದ ಸೂಚನೆಗೆ ವಿಭಾಗದ ಎಣಿಕೆಯಂತೆ ಕನ್ನಡ, ಬೇಕಾದಲ್ಲಿ ಮರಾಠಿ ಅಥವಾ ಹಿಂದಿ. ಮರಾಠಿ ಮತ್ತು ಹಿಂದಿಯ ಲಿಪಿ ಒಂದೇ ಎಂದು ಒಂದರಲ್ಲಿ ಬರೆದು ಇನ್ನೊಂದಕ್ಕೂ ನಡೆಯುತ್ತದೆ ಅಂದುಕೊಳ್ಳುವ ಅಡ್ಡದಾರಿ ಹಿಡಿಯಬೇಡಿ. ಫಲಕದ ಎರಡು ಸಾಲಿಗೆ ಅದು ನಡೆದೀತು, ಹದಿನೈದು ಹೆಜ್ಜೆಯ ಸೆಟ್ಟಿಂಗ್ ಸೂಚನೆಗೆ ನಡೆಯದು.

ಎರಡು ಭಾಷೆಯ ಪ್ರತಿಗಳಲ್ಲಿ ವ್ಯತ್ಯಾಸ ಬಂದರೆ ಯಾವುದು ಅಂತಿಮ? ಎಲ್ಲದಕ್ಕೂ ಇಂಗ್ಲಿಷೇ ಅಂತಿಮ ಎಂದು ಬರೆದುಬಿಡುವುದು ರೂಢಿ. ಡ್ರಾಯಿಂಗಿಗೆ ಅದು ಸರಿ. ಸುರಕ್ಷತೆಯ ಸೂಚನೆಗೆ ಯಾವುದೂ ಅಂತಿಮವಲ್ಲ: ವ್ಯತ್ಯಾಸ ಕಂಡ ಕೂಡಲೇ ಕೆಲಸ ನಿಲ್ಲಿಸಿ ಸೂಪರ್‌ವೈಸರನನ್ನು ಕರೆಯುವುದು ಎಂಬ ನಿಯಮವೇ ಇರಲಿ. ಶಿಸ್ತಿನ ನಿಯಮಗಳಿಗೆ ಬಂದರೆ, ಓದಲಾಗದ ಪ್ರತಿಯನ್ನು ಹಿಡಿದು ಕೆಲಸಗಾರನನ್ನು ಶಿಕ್ಷಿಸುವಂತಿಲ್ಲ ಎಂಬ ಸಾಲನ್ನು ಕಂಪನಿಯೇ ನೀತಿಯಲ್ಲಿ ಬರೆಯುವುದು ಜಾಣತನ. ಇಲ್ಲದಿದ್ದರೆ ಲೇಬರ್ ಕೋರ್ಟಿನಲ್ಲಿ ಅದನ್ನೇ ಇನ್ನೊಬ್ಬರು ಬಾಯಿಬಿಟ್ಟು ಹೇಳುತ್ತಾರೆ.

ಕಾನೂನು ಕೇಳುವುದೇನು

ಗೇಟಿನಿಂದ ಶುರು ಮಾಡೋಣ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ಕ್ಕೆ 2024ರಲ್ಲಿ ತಿದ್ದುಪಡಿಯಾಗಿ, ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ, ಇರಬೇಕೆಂದಾಯಿತು. 10 ಅಡಿ ಅಗಲ, 4 ಅಡಿ ಎತ್ತರದ ಬೋರ್ಡಾದರೆ ಮೇಲಿನ 2.4 ಅಡಿ ಕನ್ನಡಕ್ಕೆ. ಇಲ್ಲಿ ಜಗಳ ಬರುವುದು ಪಾಲಿಕೆಯ ಜೊತೆಗಲ್ಲ, ಕಂಪನಿಯ ಬ್ರ್ಯಾಂಡ್ ತಂಡದ ಜೊತೆ. ಲೋಗೋದ ಸುತ್ತ ಇಷ್ಟು ಜಾಗ ಖಾಲಿ ಬಿಡಬೇಕು, ಬೇರೆ ಲಿಪಿ ಸೇರಿಸಬಾರದು ಎಂದು ಅವರ ಕೈಪಿಡಿಯಲ್ಲಿರುತ್ತದೆ. ಪ್ರತಿ ಬೋರ್ಡಿಗೂ ಪತ್ರ ಬರೆಯುವ ಬದಲು ಕನ್ನಡ ಅಕ್ಷರದ ಒಂದು ವಿನ್ಯಾಸಕ್ಕೆ ಒಮ್ಮೆಗೇ ಒಪ್ಪಿಗೆ ಪಡೆದು, ಅದನ್ನು ಬ್ರ್ಯಾಂಡ್ ಕೈಪಿಡಿಗೇ ಸೇರಿಸಿಸಿ. ಕಂಪನಿಯ ಹೆಸರಿನ ಕನ್ನಡ ಕಾಗುಣಿತವೂ ಆಗಲೇ ಗಟ್ಟಿಯಾಗಲಿ. ಗೇಟಿನಲ್ಲಿ ಒಂದು, ಬಸ್ಸಿನ ಮೇಲೆ ಒಂದು, ಸಂಬಳದ ಚೀಟಿಯಲ್ಲಿ ಮತ್ತೊಂದು ಕಾಗುಣಿತ ಕಾಣುವುದು ಇಲ್ಲಿ ಮಾಮೂಲಿ.

ಒಳಗಿನ ನೋಟಿಸುಗಳಿಗೆ 1948ರ ಕಾರ್ಖಾನೆ ಕಾಯ್ದೆಯ 108ನೇ ಸೆಕ್ಷನ್, ಸ್ಥಾಯಿ ಆದೇಶಗಳಿಗೆ (ನೌಕರಿಯ ಷರತ್ತು ಮತ್ತು ನಡತೆಯ ನಿಯಮಗಳಿಗೆ) 1946ರ ಕಾಯ್ದೆಯ 9ನೇ ಸೆಕ್ಷನ್, ಎರಡೂ ಒಂದೇ ಮಾತು ಹೇಳುತ್ತಿದ್ದವು: ಇಂಗ್ಲಿಷಿನಲ್ಲೂ, ಬಹುಪಾಲು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲೂ ಹಾಕಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಈ ಹಳೆಯ ಕಾಯ್ದೆಗಳ ಜಾಗ ತೆಗೆದುಕೊಂಡಿವೆ. ಸ್ಥಾಯಿ ಆದೇಶಗಳು ಈಗ 300 ಅಥವಾ ಹೆಚ್ಚು ಕೆಲಸಗಾರರಿರುವ ಘಟಕಗಳಿಗೆ. ಆದ್ದರಿಂದ ಭಾಷಾ ನೀತಿಯ ಒಳಗೆ ಸೆಕ್ಷನ್ ಸಂಖ್ಯೆ ತುಂಬಬೇಡಿ. ಅವನ್ನೊಂದು ಅನುಬಂಧದಲ್ಲಿಟ್ಟು, ಕಾನೂನು ಸಲಹೆಗಾರರಿಂದ ವರ್ಷಕ್ಕೊಮ್ಮೆ ತಿದ್ದಿಸಿ. ಕಂಪನಿ 300ರ ಕೆಳಗಿದೆ ಎಂದು ನಡತೆಯ ನಿಯಮಗಳನ್ನು ಇಂಗ್ಲಿಷಿನಲ್ಲೇ ಬಿಡುವುದು ಲಾಭದ ಬಾಬ್ತಲ್ಲ. ಕೆಲಸಗಾರನಿಗೆ ನಿಯಮ ಗೊತ್ತಿತ್ತು ಎಂದು ತೋರಿಸಬೇಕಾದವರು ಆಗಲೂ ನೀವೇ.

"ಬಹುಪಾಲು" ಎಂಬ ಮಾತನ್ನು ಕನಿಷ್ಠ ಮಿತಿಯೆಂದು ಓದಿ. ಬೆಳಗಾವಿಯಂಥ ಊರಿನಲ್ಲಿ ನೂರಕ್ಕೆ 55 ಮಂದಿಗೆ ಕನ್ನಡ ಬಂದರೆ ಕಾನೂನಿನ ಅಕ್ಷರ ಪೂರೈಸಿತು, ಉಳಿದ 45 ಮಂದಿಗೆ ಬೋರ್ಡು ಗೋಡೆಯ ಅಲಂಕಾರ.

ಚಾರ್ಜ್‌ಶೀಟ್ ಮತ್ತು ಆಂತರಿಕ ವಿಚಾರಣೆಯಲ್ಲಿ ಭಾಷೆ ತಪ್ಪಿದರೆ ಗೆದ್ದ ಪ್ರಕರಣವೂ ಕೈಬಿಡುತ್ತದೆ. ತನ್ನ ಮೇಲಿನ ಆರೋಪ ಏನೆಂದು ತಿಳಿಯದವನು ಉತ್ತರ ಕೊಡಲಾರ, ಸಹಜ ನ್ಯಾಯದ ಮೊದಲ ಪಾಠವೇ ಅದು. ಚಾರ್ಜ್‌ಶೀಟಿನ ಇಂಗ್ಲಿಷ್ ಪ್ರತಿಯ ಜೊತೆ ಕೆಲಸಗಾರ ಓದುವ ಭಾಷೆಯ ಪ್ರತಿ ಕೊಡಿ. ಎರಡಕ್ಕೂ ಪ್ರತ್ಯೇಕ ಸಹಿ ಪಡೆಯಿರಿ, "ಮರಾಠಿ ಪ್ರತಿ ತಲುಪಿದೆ" ಎಂದು ಅವನ ಕೈಬರಹದಲ್ಲೇ ಇರಲಿ. ಓದಲು ಬಾರದವನಾದರೆ ಓದಿ ಹೇಳಿದವರ ಸಹಿ, ಅವನದೇ ಆಯ್ಕೆಯ ಒಬ್ಬ ಸಹೋದ್ಯೋಗಿಯ ಸಹಿ. ವಿಚಾರಣೆಯ ಮೊದಲ ದಿನದ ನಡಾವಳಿಯಲ್ಲೇ ಯಾವ ಭಾಷೆಯಲ್ಲಿ ನಡೆಸುವುದು ಎಂದು ಕೇಳಿ ದಾಖಲಿಸಬೇಕು. ದೂರು ಕೊಟ್ಟ ಸೂಪರ್‌ವೈಸರನನ್ನೇ ದುಭಾಷಿಯಾಗಿ ಕೂರಿಸುವುದು ಎಲ್ಲೆಡೆ ಆಗುವ ಎಡವಟ್ಟು. ವಿಚಾರಣೆ ಬಿದ್ದುಹೋಗಲು ಅದೊಂದೇ ಸಾಕು.

ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಬೇಕು, ಶಿಕ್ಷೆಯ ವಿವರ ಮತ್ತು ಸಮಿತಿ ರಚನೆಯ ಆದೇಶವನ್ನು ಎದ್ದು ಕಾಣುವ ಜಾಗದಲ್ಲಿ ಹಾಕಬೇಕು. ದೂರನ್ನು ಬರೆದುಕೊಡಲಾಗದ ಮಹಿಳೆಗೆ ಸಮಿತಿಯೇ ನೆರವಾಗಬೇಕೆಂದು ಕಾಯ್ದೆ ಹೇಳುತ್ತದೆ. ಹಾಗಾಗಿ ಸಮಿತಿಯ ಸದಸ್ಯರನ್ನು ಆರಿಸುವಾಗ ಭಾಷೆಯ ಎಣಿಕೆಯನ್ನು ಮುಂದಿಟ್ಟುಕೊಳ್ಳಿ. ಇಂಗ್ಲಿಷ್ ಬಲ್ಲ ಆಡಳಿತ ವಿಭಾಗದವರೇ ತುಂಬಿದ ಸಮಿತಿಯ ಬಾಗಿಲು ಅಸೆಂಬ್ಲಿ ಲೈನಿನ ಹೆಣ್ಣುಮಗಳು ತಟ್ಟುವುದಿಲ್ಲ.

ಇನ್ನೊಂದು, ಹೆಚ್ಚಿನ ಘಟಕಗಳ ಗಮನಕ್ಕೆ ಬಾರದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ವ್ಯಕ್ತಿಗೆ ಇರಬೇಕು. ಕನ್ನಡ, ಮರಾಠಿ, ಕೊಂಕಣಿ, ಉರ್ದು, ಒಡಿಯಾ ಎಲ್ಲವೂ ಆ ಪಟ್ಟಿಯಲ್ಲಿವೆ. ಕಾಯ್ದೆಯ ನಿಯಮಗಳು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಮುಖ್ಯ ಕಚೇರಿಯ ಎಚ್.ಆರ್. ಆ್ಯಪ್ ಇಂಗ್ಲಿಷ್ ಮತ್ತು ಜರ್ಮನ್ ಮಾತ್ರ ಬಲ್ಲದಾದರೆ ಈಗಲೇ ಪತ್ರ ಬರೆಯಿರಿ. ಸಾಫ್ಟ್‌ವೇರ್ ಬದಲಾವಣೆಗೆ ಅವರ ಕಡೆ ಸಮಯ ಹಿಡಿಯುತ್ತದೆ.

ಕೆಲಸದ ಸೂಚನೆ: ನೀತಿ ನಿಲ್ಲುವುದೂ ಬೀಳುವುದೂ ಇಲ್ಲೇ

ಗುಣಮಟ್ಟದ ಮಾನದಂಡಗಳೇ ಇಲ್ಲಿ ನಿಮ್ಮ ಕಡೆ ಇವೆ. ವಾಹನ ಬಿಡಿಭಾಗಗಳ ಐಎಟಿಎಫ್ 16949ರ 8.5.1.2ನೇ ಅಂಶ, ಕೆಲಸದ ಸೂಚನೆಗಳು ಅದನ್ನು ಪಾಲಿಸಬೇಕಾದವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ನೇರವಾಗಿ ಹೇಳುತ್ತದೆ. ಐಎಸ್‌ಒ 9001:2015ರ 7.5.2ರಲ್ಲಿ ದಾಖಲೆಯ ಸ್ವರೂಪದ ಉದಾಹರಣೆಯಾಗಿ ಭಾಷೆಯ ಹೆಸರಿದೆ. ಕೆಲಸದ ಸುರಕ್ಷತೆಯ ಐಎಸ್‌ಒ 45001ರ 7.4ರಲ್ಲಿ ಸಂವಹನ ಏರ್ಪಡಿಸುವಾಗ ಭಾಷೆ, ಸಾಕ್ಷರತೆ ಎರಡನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂದಿದೆ. ಅನುವಾದದ ಬಜೆಟ್ ಕೇಳುವಾಗ "ಸ್ಥಳೀಯರ ಭಾವನೆ" ಎಂದು ಬರೆದರೆ ಮುಖ್ಯ ಕಚೇರಿ ತಲೆಯಾಡಿಸಿ ಸುಮ್ಮನಾಗುತ್ತದೆ. ಆಡಿಟಿನ ಅಂಶ ಸಂಖ್ಯೆ ಬರೆದರೆ ಹಣ ಬರುತ್ತದೆ.

ಬರೆಯುವ ರೀತಿಗೂ ವಿಮಾನ ಉದ್ಯಮದಲ್ಲಿ ಒಂದು ಸಿದ್ಧ ಮಾದರಿಯಿದೆ: ಎಎಸ್‌ಡಿ-ಎಸ್‌ಟಿಇ 100 ಎಂಬ ಸರಳ ತಾಂತ್ರಿಕ ಇಂಗ್ಲಿಷಿನ ಕಟ್ಟಳೆ. ಅದರ ನಿಘಂಟಿನಲ್ಲಿ ಸುಮಾರು 900 ಒಪ್ಪಿತ ಪದಗಳು. ಒಂದು ಪದಕ್ಕೆ ಒಂದೇ ಅರ್ಥ. ಕೆಲಸದ ಹೆಜ್ಜೆ ಹೇಳುವ ವಾಕ್ಯ 20 ಪದ ಮೀರಬಾರದು, ವಿವರಣೆಯದು 25 ಮೀರಬಾರದು. ವಿಮಾನದ ನಿರ್ವಹಣಾ ಕೈಪಿಡಿಗಳನ್ನು ಈ ಶೈಲಿಯಲ್ಲಿ ಬರೆಯುತ್ತಾರೆ. ಇದೇ ಶಿಸ್ತನ್ನು ಕನ್ನಡಕ್ಕೆ ತರಬೇಕು, ಆದರೆ ಅಳತೆ ಬದಲಿಸಿ. ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟುವುದರಿಂದ 20 ಪದದ ವಾಕ್ಯ ಅರ್ಧ ಪುಟವಾಗುತ್ತದೆ. 10 ಪದ ದಾಟದಂತೆ ಬರೆಯಿರಿ. ಕ್ರಿಯಾಪದ ಕೊನೆಗೆ ಬರುವ ಭಾಷೆಯಾದ್ದರಿಂದ "ಬೇಡಿ", "ಬಾರದು" ಎಂಬ ನಿಷೇಧವೂ ಕೊನೆಗೇ ಬರುತ್ತದೆ. ಉದ್ದ ವಾಕ್ಯದಲ್ಲಿ ಓದುವವನ ಕೈ ಅಷ್ಟರೊಳಗೆ ಬಟನ್ನಿನ ಮೇಲಿರುತ್ತದೆ. ಎಚ್ಚರಿಕೆಯನ್ನು ಹೆಜ್ಜೆಗೆ ಮೊದಲೇ, ಬೇರೆ ಸಾಲಿನಲ್ಲಿ, ಕೆಂಪು ಚೌಕಟ್ಟಿನಲ್ಲಿ ಇಡಿ.

ಏಜೆನ್ಸಿಯಿಂದ ಬರುವ ಅನುವಾದ ಸಾಮಾನ್ಯವಾಗಿ ಹೀಗಿರುತ್ತದೆ: "ಘಟಕವನ್ನು ಹೊರತೆಗೆಯುವ ಮುನ್ನ ಶೀತಕ ದ್ರವದ ಹರಿವು ಸ್ಥಗಿತಗೊಂಡಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು." ವ್ಯಾಕರಣದಲ್ಲಿ ತಪ್ಪಿಲ್ಲ, ಮಷಿನ್ ಮುಂದೆ ನಿಂತವನಿಗೆ ಉಪಯೋಗವೂ ಇಲ್ಲ. ಬೇಕಾದ್ದು ಇಷ್ಟು:

1. ಕೂಲಂಟ್ ಬಂದ್ ಮಾಡಿ.
2. ಪೈಪಿನಿಂದ ಹನಿ ಬೀಳುವುದು ನಿಂತಿದೆಯೇ ನೋಡಿ.
3. ಡೋರ್ ಓಪನ್ ಮಾಡಿ.
4. ಜಾಬ್ ಅನ್ನು ಎರಡೂ ಕೈಯಿಂದ ಹೊರಗೆ ಎತ್ತಿ.

ಕೂಲಂಟ್, ಗೇಜ್, ಚಕ್, ಬರ್, ಲೇಡಲ್, ಕೋರ್, ಆಫ್‌ಸೆಟ್, ರಿವರ್ಕ್, ಇವೆಲ್ಲ ಶಾಪ್‌ಫ್ಲೋರಿನ ಕನ್ನಡವೇ. ಹೊಸ ಸಂಸ್ಕೃತ ಪದ ಟಂಕಿಸುವ ಉತ್ಸಾಹವನ್ನು ರಾಜ್ಯೋತ್ಸವದ ಭಾಷಣಕ್ಕೆ ಮೀಸಲಿಡಿ. ಹಾಗೆಯೇ ಬೆಂಗಳೂರಿನ ಪಠ್ಯಪುಸ್ತಕದ ಮಾತಿಗಿಂತ ಇಲ್ಲಿ ಕಿವಿಗೆ ಬಿದ್ದಿರುವ "ಪಾಳಿ", "ಚಾಲೂ", "ಬಂದ್" ಬಳಸಿದರೆ ಕನ್ನಡದವರಿಗೂ ಮರಾಠಿಯವರಿಗೂ ಒಟ್ಟಿಗೆ ತಲುಪುತ್ತದೆ.

ನಿಜವಾದ ಅಪಾಯ ದಿನಬಳಕೆಯ ಕ್ರಿಯಾಪದಗಳಲ್ಲಿದೆ. "ವಾಲ್ವ್ ತೆಗೆಯಿರಿ" ಅಂದರೆ ತೆರೆಯುವುದೋ ಬಿಚ್ಚಿ ಹೊರಗಿಡುವುದೋ? ನಮ್ಮ ಕಡೆ ಬಾಗಿಲನ್ನೂ ತೆಗೆಯುತ್ತಾರೆ, ಬೋಲ್ಟನ್ನೂ ತೆಗೆಯುತ್ತಾರೆ. "ಹಾಕು" ಇನ್ನೂ ಕೆಟ್ಟದ್ದು: ಬಾಗಿಲು ಹಾಕಿದರೆ ಮುಚ್ಚಿತು, ಲೈಟ್ ಹಾಕಿದರೆ ಹತ್ತಿತು, ಬೋಲ್ಟ್ ಹಾಕಿದರೆ ಕೂತಿತು. ಹಾಗಾದರೆ "ಪಂಪ್ ಹಾಕಿ" ಎಂದರೆ ಜೋಡಿಸುವುದೋ, ಚಾಲೂ ಮಾಡುವುದೋ? ಸೂಚನೆಗಳಲ್ಲಿ ಈ ಎರಡೂ ಪದಗಳನ್ನು ನಿಷೇಧಿಸಿ. ಓಪನ್ ಮಾಡಿ, ಬಿಚ್ಚಿ, ಮುಚ್ಚಿ, ಚಾಲೂ ಮಾಡಿ, ಕೂಡಿಸಿ ಎಂದು ಒಂದೊಂದಕ್ಕೂ ಒಂದೊಂದು ಪದ ನಿಗದಿ ಮಾಡಿ. 150ರಿಂದ 200 ಪದಗಳ ಪಟ್ಟಿ ಒಂದು ಮಷಿನಿಂಗ್ ಘಟಕಕ್ಕೆ ಧಾರಾಳವಾಯಿತು. ಪಟ್ಟಿಯನ್ನು ಅನುವಾದಕ, ಸೆಟ್ಟರ್, ಹಳೆಯ ಆಪರೇಟರ್ ಮೂವರೂ ಕೂತು ಮಾಡಲಿ. ತಕರಾರು ಬಂದರೆ ಆಪರೇಟರನ ಮಾತು ನಡೆಯಲಿ.

ಅಂಕಿಗಳ ವಿಷಯದಲ್ಲಿ ರಾಜಿ ಬೇಡ. ಜರ್ಮನಿ, ಫ್ರಾನ್ಸಿನ ಡ್ರಾಯಿಂಗುಗಳಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ಅಲ್ಲಿನ 1,250 ಮಿ.ಮೀ. ಎಂದರೆ ಒಂದೂಕಾಲು ಮಿಲಿಮೀಟರ್, ನಮ್ಮ ಕಣ್ಣಿಗೆ ಅದು ಸಾವಿರದ ಇನ್ನೂರೈವತ್ತು. ಅಷ್ಟು ದೊಡ್ಡ ವ್ಯತ್ಯಾಸವನ್ನು ಯಾರಾದರೂ ಹಿಡಿದಾರು. ಆದರೆ ಪ್ಯಾಕಿಂಗ್ ಪಟ್ಟಿಯ ತೂಕ, ರಾಸಾಯನಿಕದ ಪ್ರಮಾಣಗಳಲ್ಲಿ ಅದು ಹಾಗೇ ದಾಟಿಹೋಗುತ್ತದೆ. ನಿಯಮ ಹೀಗೆ: ಘಟಕದೊಳಗಿನ ಕಾಗದದಲ್ಲಿ ದಶಮಾಂಶಕ್ಕೆ ಚುಕ್ಕೆ ಮಾತ್ರ. ಸಾವಿರ, ಲಕ್ಷ ಬಿಡಿಸಲು ಅಲ್ಪವಿರಾಮ ಬಳಸುವಂತಿಲ್ಲ, 1250 ಎಂದೇ ಬರೆಯಿರಿ. ದಿನಾಂಕದಲ್ಲಿ ತಿಂಗಳು ಅಕ್ಷರದಲ್ಲಿರಲಿ, 03/04 ಎಂಬುದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂದು ಅಮೆರಿಕದ ಗ್ರಾಹಕನಿಗೂ ನಮಗೂ ಒಮ್ಮತವಿಲ್ಲ. ಕನ್ನಡ ಪ್ರತಿಯಲ್ಲೂ 1, 2, 3 ಎಂಬ ಅಂಕಿಗಳೇ ಇರಲಿ. ಡಿಸ್‌ಪ್ಲೇಯಲ್ಲಿ ಒಂದು ಲಿಪಿ, ಹಾಳೆಯಲ್ಲಿ ಇನ್ನೊಂದು ಇದ್ದರೆ ಹೋಲಿಸುವಾಗ ತಪ್ಪುತ್ತದೆ.

ಫಾಂಟಿನ ಕಾಟ ಬೇರೆ. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಎನ್‌ಕೋಡಿಂಗಿನಲ್ಲಿ ಟೈಪಾದ ಕಡತಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಗೀಚಿದ ಚಿಹ್ನೆಗಳು ಕಾಣುತ್ತವೆ, ಸರ್ವರಿನಲ್ಲಿ ಹುಡುಕಲೂ ಆಗದು. ಎಲ್ಲವೂ ಯೂನಿಕೋಡ್ ಇರಲಿ, ಹಳೆಯವನ್ನು ಪರಿವರ್ತಿಸಿ, ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಂದ ತಪಾಸಣೆ ಮಾಡಿ. ಮುಖ್ಯ ಕಚೇರಿಯ ನಮೂನೆಗಳು ಇಂಗ್ಲಿಷಿಗೆಂದು ಮಾಡಿದವು. ಸಾಲಿನ ಎತ್ತರ ನಿಗದಿಯಾಗಿರುವುದರಿಂದ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಸಾಲಿನ ಅಂತರ 1.5ಕ್ಕೆ ಏರಿಸಿ, ಕೋಶದ ಎತ್ತರ ತಾನಾಗಿ ಹಿಗ್ಗುವಂತೆ ಇಡಿ, ಪಿಡಿಎಫ್ ಮಾಡುವಾಗ ಫಾಂಟ್ ಒಳಗೇ ಸೇರಿಸಿ. ಹಾಳೆ ತೂಗುಹಾಕಿದ ಮೇಲೆ ಆಪರೇಟರ್ ನಿಲ್ಲುವ ಜಾಗದಲ್ಲಿ ನಿಂತು ಓದಿ ನೋಡಿ. ಆಫೀಸಿನ ಮೇಜಿನ ಮೇಲೆ ಓದಿ ಒಪ್ಪಿಗೆ ಕೊಟ್ಟ ಅಕ್ಷರ ಅಲ್ಲಿ ಇರುವೆಯಾಗಿರುತ್ತದೆ.

ಆಡಿಟಿನಲ್ಲಿ ಸಿಕ್ಕಿಬೀಳುವುದು ಆವೃತ್ತಿಯ ವಿಷಯದಲ್ಲಿ. ಇಂಗ್ಲಿಷ್ ಪ್ರತಿ ಆವೃತ್ತಿ 4ಕ್ಕೆ ಹೋಗಿರುತ್ತದೆ, ಗೋಡೆಯ ಕನ್ನಡ ಪ್ರತಿ ಇನ್ನೂ 3. ಎರಡಕ್ಕೂ ಒಂದೇ ದಾಖಲೆ ಸಂಖ್ಯೆ, ಕೊನೆಯಲ್ಲಿ ಭಾಷೆಯ ಗುರುತು, ಒಂದೇ ಆವೃತ್ತಿ ಸಂಖ್ಯೆ ಇರಲಿ. ಎಲ್ಲ ಭಾಷೆಯ ಪ್ರತಿಗಳೂ ಸಿದ್ಧವಾಗುವವರೆಗೆ ಹೊಸ ಆವೃತ್ತಿಯನ್ನು ಯಾವ ಭಾಷೆಯಲ್ಲೂ ಬಿಡುಗಡೆ ಮಾಡಬಾರದು. ತುರ್ತು ಬದಲಾವಣೆಯಿದ್ದರೆ ಕೆಲಸಗಾರರ ಭಾಷೆಯಲ್ಲಿ ಒಂದು ಪುಟದ ತಾತ್ಕಾಲಿಕ ಸೂಚನೆ, ಅದರ ಮೇಲೆ ಮುಗಿಯುವ ದಿನಾಂಕ.

ಯಂತ್ರಾನುವಾದ ಬಳಸಬಹುದೇ? ಮೊದಲ ಕರಡಿಗೆ ಬಳಸಿ. ಆದರೆ ನಿಷೇಧ ವಾಕ್ಯಗಳನ್ನೂ ಎಲ್ಲ ಅಂಕಿ, ಮಾನಗಳನ್ನೂ ಮನುಷ್ಯರೇ ಒಂದೊಂದಾಗಿ ಪರಿಶೀಲಿಸಬೇಕು. ಏರೋಸ್ಪೇಸ್ ಘಟಕಗಳಿಗೆ ಇನ್ನೊಂದು ಕಟ್ಟಿದೆ: ರಫ್ತು ನಿಯಂತ್ರಣಕ್ಕೆ ಒಳಪಟ್ಟ ಗ್ರಾಹಕರ ತಾಂತ್ರಿಕ ಮಾಹಿತಿಯನ್ನು ಸಾರ್ವಜನಿಕ ಅನುವಾದ ತಾಣಕ್ಕೆ ಅಂಟಿಸುವುದೇ ಒಪ್ಪಂದದ ಉಲ್ಲಂಘನೆ. ಇದನ್ನು ನೀತಿಯಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ಅವಸರದಲ್ಲಿ ಯಾರೋ ಮಾಡಿಯೇ ಮಾಡುತ್ತಾರೆ.

ಅನುವಾದ ಸರಿಯಿದೆಯೇ ಎಂದು ನೋಡಲು, ಬರೆಯುವುದರಲ್ಲಿ ಕೈಜೋಡಿಸದ ಐವರು ಕೆಲಸಗಾರರನ್ನು ಕರೆಯಿರಿ. ಹಾಳೆ ಕೊಟ್ಟು, ಬಾಯಿ ಬಿಡದೆ, ಅವರು ಮಾಡುವುದನ್ನು ನೋಡಿ. ಇಬ್ಬರು ಒಂದೇ ಹೆಜ್ಜೆಯಲ್ಲಿ ತಡವರಿಸಿದರೆ ಆ ಹೆಜ್ಜೆ ಮತ್ತೆ ಬರೆಯಿರಿ. ಕನ್ನಡದಿಂದ ತಿರುಗಿ ಇಂಗ್ಲಿಷಿಗೆ ಅನುವಾದಿಸಿ ಹೋಲಿಸುವ ವಿಧಾನ ದುಬಾರಿ, ಜೀವಾಪಾಯದ ಸೂಚನೆಗಳಿಗೆ ಮಾತ್ರ ಸಾಕು. "ಅರ್ಥವಾಯಿತೇ?" ಎಂದು ಕೇಳಿ ಸಹಿ ಪಡೆಯುವುದರಿಂದ ಸಿಗುವುದು ಸಹಿ ಮಾತ್ರ.

ನೇಮಕ, ಬಡ್ತಿ, ಕಲಿಕೆ

ಹುದ್ದೆಗೆ ಬೇಕಾದ ಇಂಗ್ಲಿಷ್ ಎಷ್ಟು ಎಂದು ಭಾಷಾ ಸಾಮರ್ಥ್ಯ ಅಳೆಯುವ ಯುರೋಪಿನ ಎ1ರಿಂದ (ಆರಂಭಿಕ) ಸಿ2ವರೆಗಿನ (ಪೂರ್ಣ ಹಿಡಿತ) ಮಟ್ಟದಲ್ಲಿ ಬರೆದಿಡಿ. "ಉತ್ತಮ ಸಂವಹನ ಕೌಶಲ" ಎಂಬ ಸಾಲು ಯಾರನ್ನು ಬೇಕಾದರೂ ಬಿಡಲು, ಯಾರನ್ನು ಬೇಕಾದರೂ ತೆಗೆದುಕೊಳ್ಳಲು ಅನುಕೂಲ ಮಾಡಿಕೊಡುತ್ತದೆ. ಆಪರೇಟರನಿಗೆ ಡ್ರಾಯಿಂಗಿನ ಪದಗಳನ್ನು ಗುರುತಿಸಿದರೆ ಆಯಿತು. ಲೈನ್ ಸೂಪರ್‌ವೈಸರನಿಗೆ ಎ2, ಗ್ರಾಹಕರೊಡನೆ ಕರೆಯಲ್ಲಿ ಮಾತಾಡುವ ಗುಣಮಟ್ಟ ಎಂಜಿನಿಯರಿಗೆ ಬಿ2. ಸೂಪರ್‌ವೈಸರ್ ಹುದ್ದೆಗೆ ಕನ್ನಡ ಮಾತಾಡುವುದು ಕಡ್ಡಾಯ ಎಂದೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ಕನ್ನಡ ಬಾರದ ನೌಕರರಿಗೆ ಕಲಿಸುವ ಹೊಣೆಯನ್ನು ಕೆಲಸದ ವೇಳೆಯೊಳಗೇ ಕಂಪನಿ ಹೊರಲಿ.

ಗಡುವು ಹಾಕುವಾಗ ಗಂಟೆಗಳ ಲೆಕ್ಕ ನೋಡಿ. ಇಂಗ್ಲಿಷ್ ಪರೀಕ್ಷೆ ನಡೆಸುವ ಕೇಂಬ್ರಿಡ್ಜ್‌ ಸಂಸ್ಥೆಯ ಅಂದಾಜಿನಲ್ಲಿ ಎ2 ತಲುಪಲು ಒಟ್ಟು 180–200 ಗಂಟೆ ಪಾಠ, ಬಿ1ಕ್ಕೆ 350–400, ಬಿ2ಕ್ಕೆ 500–600. ವಾರಕ್ಕೆ 4 ಗಂಟೆಯಂತೆ ಎ2ರಿಂದ ಬಿ2ಕ್ಕೆ ಏರಲು ಎರಡು ವರ್ಷದ ಆಸುಪಾಸು. ಆರು ತಿಂಗಳ ಗಡುವು ಬಂದರೆ ಈ ಲೆಕ್ಕವನ್ನೇ ಉತ್ತರವಾಗಿ ಕಳಿಸಿ. ಜಪಾನಿನ ಆನ್‌ಲೈನ್ ಮಾರಾಟದ ಕಂಪನಿ ರಕುಟೆನ್ 2010ರಲ್ಲಿ ಇಂಗ್ಲಿಷನ್ನು ಕಂಪನಿಯ ಭಾಷೆಯೆಂದು ಘೋಷಿಸಿ 2012ರ ಗಡುವು ಕೊಟ್ಟಾಗ, ಮೊದಲು ಕಲಿಯುವ ಹೊಣೆಯನ್ನು ನೌಕರರ ತಲೆಗೇ ಕಟ್ಟಿತ್ತು. ಆಮೇಲೆ ತರಗತಿಯ ಖರ್ಚನ್ನು ಕಂಪನಿಯೇ ಹೊರಬೇಕಾಯಿತು.

ಮುಖ್ಯ ಕಚೇರಿ ಫ್ರೆಂಚರದಾದರೆ ಇನ್ನೊಂದು ದಾಖಲೆ ಕೈಯಲ್ಲಿರಲಿ. ಫ್ರೆಂಚ್ ಬಳಕೆಯನ್ನು ಕಡ್ಡಾಯ ಮಾಡುವ ಫ್ರಾನ್ಸಿನ 1994ರ ತೂಬೋನ್ ಕಾಯ್ದೆಯಡಿ, ನೌಕರರಿಗೆ ಕೊಟ್ಟ ದಾಖಲೆ, ಸಾಫ್ಟ್‌ವೇರ್ ಫ್ರೆಂಚಿನಲ್ಲಿ ಇಲ್ಲವೆಂದು ಜಿಇ ಮೆಡಿಕಲ್ ಸಿಸ್ಟಮ್ಸ್‌ಗೆ ವರ್ಸಾಯ್ ಮೇಲ್ಮನವಿ ನ್ಯಾಯಾಲಯ 2006ರಲ್ಲಿ 5.8 ಲಕ್ಷ ಯೂರೋ ತೆರುವಂತೆ ಮಾಡಿತು. ತಮ್ಮ ನೆಲದಲ್ಲಿ ಪಾಲಿಸುವುದನ್ನು ಬೆಳಗಾವಿಯಲ್ಲೂ ಪಾಲಿಸಿ ಎಂದು ಕೇಳಲು ಸಂಕೋಚ ಬೇಡ.

ಮೀಟಿಂಗುಗಳಿಗೆ ಚಿಕ್ಕ ನಿಯಮ ಸಾಕು. ವಿದೇಶದವರು ಕರೆಯಲ್ಲಿದ್ದರೆ ಇಂಗ್ಲಿಷ್. ಯಾರೂ ಇಲ್ಲದಿದ್ದರೆ ಎಲ್ಲರಿಗೂ ತಿಳಿಯುವ ಭಾಷೆ. ಕಾರ್ಯಸೂಚಿ 24 ಗಂಟೆ ಮೊದಲೇ ಬರಹದಲ್ಲಿ ಬರಲಿ. ನಡುವೆ ಕನ್ನಡದಲ್ಲಿ ಐದು ನಿಮಿಷ ಸಮಾಲೋಚಿಸಲು ಅನುಮತಿಯಿರಲಿ, ಆದ ಮೇಲೆ ಸಾರವನ್ನು ಇಂಗ್ಲಿಷಿನಲ್ಲಿ ಹೇಳಲಿ.

ಕ್ಯಾಂಟೀನು, ಬಸ್ಸು, ಪಾಳಿ ಮುಗಿದ ಮೇಲಿನ ಹರಟೆ, ಇವಕ್ಕೆ ನಿಯಮ ಮಾಡಬೇಡಿ. "ಇಂಥ ಭಾಷೆ ಮಾತಾಡಕೂಡದು" ಎಂಬ ನೋಟಿಸ್ ಬೆಳಗಾವಿಯಲ್ಲಿ ಅಂದು ಸಂಜೆಯೇ ಗೇಟಿನ ಹೊರಗೆ ಘೋಷಣೆಯಾಗುತ್ತದೆ. ನವೆಂಬರ್ 1ರ ಕಾರ್ಯಕ್ರಮವನ್ನು ಕಂಪನಿಯೇ ನಡೆಸಲಿ, ಹಾಜರಿಯನ್ನು ಯಾರ ನಿಷ್ಠೆಯ ಲೆಕ್ಕಕ್ಕೂ ತೆಗೆದುಕೊಳ್ಳಬಾರದು. ಮರಾಠಿ ಸುರಕ್ಷತಾ ಫಲಕದ ಬಗ್ಗೆ ಯಾರಾದರೂ ಆಕ್ಷೇಪ ಎತ್ತಿದರೆ ತೋರಿಸಲು ಉತ್ತರ ಸಿದ್ಧವಿರಬೇಕು: ನಾಮಫಲಕದಲ್ಲಿ ಕನ್ನಡಕ್ಕೆ ಕಾನೂನಿನಷ್ಟು ಜಾಗವಿದೆ, ಪ್ರತಿ ಫಲಕದಲ್ಲೂ ಕನ್ನಡವೇ ಮೊದಲಿದೆ, ಇನ್ನೊಂದು ಭಾಷೆ ಇರುವುದು ಈ ವಿಭಾಗದ ಓದುವವರ ಎಣಿಕೆಯಿಂದ. ಎಣಿಕೆಯ ಹಾಳೆಯಲ್ಲಿ ಹೆಸರುಗಳಿರಬಾರದು, ಒಟ್ಟು ಸಂಖ್ಯೆ ಮಾತ್ರ. ಅದನ್ನು ಆರು ತಿಂಗಳಿಗೊಮ್ಮೆ, ಹಾಗೂ ಹೊಸ ಗುತ್ತಿಗೆದಾರನ ತಂಡ ಒಳಗೆ ಬಂದ ಪ್ರತಿ ಸಲವೂ, ಅವರಿಗೆ ಗೇಟ್ ಪಾಸ್ ಕೊಡುವ ಮೊದಲು ಹೊಸದಾಗಿ ಮಾಡಬೇಕು.